ಎಲ್ಲೆ ಎಂದರು

ಜೂನ್ ಐದು, ಗುರುವಾರ, ಬೆಳಿಗ್ಗೆ ಹತ್ತೂವರೆ. ಬೆಳ್ತಂಗಡಿ ಠಾಣೆಗೆ ಬಂದ ಯಶೋಧಮ್ಮ ಕುರ್ಚಿ ತೋರಿಸಿದರೂ ಕೂರಲಿಲ್ಲ. ಮುಂಡ್ರೊಟ್ಟು ಬಸದಿಯ ಉಸ್ತುವಾರಿ ಅವರದು. ಬಸದಿಯ ಗೋಡೆಗೆ ತಾಗಿಯೇ ಜಯೇಶ್ ಎಂಬವರ ವಾಣಿಜ್ಯ ಕಟ್ಟಡ ಏಳುತ್ತಿತ್ತು. ಪಂಚಾಯತಿ ಅದಕ್ಕೆ ಕೊಟ್ಟ ಪರವಾನಗಿಯನ್ನು ಪ್ರಶ್ನಿಸಿ ಯಶೋಧಮ್ಮ ಹೈಕೋರ್ಟಿಗೆ ಹೋಗಿದ್ದರು.

"ಪರವಾನಗಿಯ ಆದೇಶವನ್ನು ನಾನು ಫೆಬ್ರವರಿಯಲ್ಲೇ ಸಹಿ ಹಾಕಿ ತೆಗೆದುಕೊಂಡಿದ್ದೇನೆ ಅಂತ ಪಂಚಾಯತಿಯವರು ಕೋರ್ಟಿಗೆ ಹೇಳಿದ್ದಾರೆ. ಆ ಸಹಿ ನನ್ನದಲ್ಲ."

"ನಿಮಗೆ ಗೊತ್ತಾದದ್ದು ಯಾವಾಗ?" ಎಸ್‌ಐ ಅಶೋಕ್ ಕೇಳಿದರು.

"ಏಪ್ರಿಲ್ ಕೊನೆಗೆ, ಜೆಸಿಬಿ ಬಂದಾಗ. ಸೋಮವಾರ ವಿಚಾರಣೆ ಉಂಟು. ಇಷ್ಟು ತಡ ಯಾಕೆ ಅಂತ ಅರ್ಜಿ ವಜಾ ಮಾಡಿದರೆ ಬಸದಿ ಈ ಮಳೆಗಾಲ ದಾಟುವುದಿಲ್ಲ. ನಿನ್ನೆ ಗೋಡೆಯ ಬಿರುಕಿಗೆ ಉಗುರು ಹೋಗುತ್ತಿತ್ತು, ಇವತ್ತು ಬೆರಳು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಅಶೋಕ್ ಮತ್ತು ಕಾನ್‌ಸ್ಟೇಬಲ್ ಫಿದಾ ಪಂಚಾಯತಿ ಕಚೇರಿಗೆ ಹೊರಟರು.

"ಜಯೇಶ್ ದುಡ್ಡು ಕೊಟ್ಟು ಮಾಡಿಸಿದ್ದೇ ಸರ್," ಎಂದಳು ಫಿದಾ.

"ನೀನು ಧಾರಾವಾಹಿ ನೋಡುವುದು ಕಡಿಮೆ ಮಾಡು ಮಾರಾಯ್ತಿ."

ಪಂಚರ ಸಮಕ್ಷಮ, ಆ ಸಹಿ ಇದ್ದ ಸ್ವೀಕೃತಿ ಪತ್ರವನ್ನು ವಶಪಡಿಸಿಕೊಂಡು ಪಂಚನಾಮೆ ಬರೆದಾಯಿತು. ಪಿಡಿಒ ವಿಜಯಪುರದವರು.

"ಆಯಮ್ಮಗ ಆದೇಶ ಮುಟ್ಟೇದರೀ. ಎಲ್ಲೆ ತಕರಾರು ತೆಗದಾಳ. ಓದಲಾರದ ಹೆಂಗ ತಕರಾರು ತೆಗೀತಾಳ?"

"ನಿಮಗೆ ಯಾರು ಹೇಳಿದ್ದು?"

"ನೋಟಿಸು ಮುಟ್ಟಸಾಂವ, ನೋಣಯ್ಯ. ಏನಂದ್ಲೋ ಅಂದ್ರ 'ಎಲ್ಲೆ ಅಂದ್ರು' ಅಂದ."

ಅಶೋಕ್ ಬಂಟ್ವಾಳದವರು. ಬರೆಯುತ್ತಿದ್ದ ಪೆನ್ನು ನಿಂತಿತು. ತುಳುವಿನಲ್ಲಿ ಎಲ್ಲೆ ಎಂದರೆ ಗಡಿಯಲ್ಲ, ನಾಳೆ.

ಫೋನಿನಲ್ಲಿ ಕೇಳಿದಾಗ ಯಶೋಧಮ್ಮ ನೆನಪಿಸಿಕೊಂಡರು. "ಹೌದು, ನೋಣಯ್ಯ ಏನೋ ಕಾಗದ ತಂದಿದ್ದ. ನಾನು ಮಡಿಯಲ್ಲಿ ಅಭಿಷೇಕದ ನೀರು ಒಯ್ಯುತ್ತಿದ್ದೆ, ಮುಟ್ಟುವ ಹಾಗಿರಲಿಲ್ಲ. 'ಎಲ್ಲೆ ಕೊರ್ಲೆ' ಅಂದೆ, ನಾಳೆ ಕೊಡಿ ಅಂತ. ಮತ್ತೆ ಬರಲಿಲ್ಲ. ತೆರಿಗೆಯದ್ದಿರಬೇಕು ಅಂತ ನಾನೂ ಮರೆತೆ."

ಶುಕ್ರವಾರ ಸಂಜೆ ನೋಣಯ್ಯನನ್ನು ಠಾಣೆಗೆ ಕರೆಸಲಾಯಿತು.

"ಕಾಗದ ಯಾವತ್ತು ಕೊಟ್ಟದ್ದು?"

"ಹೋದ ದಿನವೇ ಸರ್."

"ನಾಳೆ ಕೊಡಿ ಅಂದವರು ಆ ದಿನವೇ ಸಹಿ ಹೇಗೆ ಹಾಕಿದರು?"

ನೋಣಯ್ಯ ಫಿದಾಳ ಮುಖ ನೋಡಿದ. ಅಲ್ಲಿಂದ ಸಹಾಯ ಬರಲಿಲ್ಲ.

"ನಾನೇ ಹಾಕಿದೆ. ಇನ್ನೊಂದು ಕಾಗದ ಮುಟ್ಟಿಸದೆ ವಾಪಸ್ ತಂದರೆ ನಿನ್ನ ಕೆಲಸ ಖಾಯಂ ಮಾಡುವ ಫೈಲು ಕಳಿಸುವುದಿಲ್ಲ ಅಂತ ಪಿಡಿಒ ಹೇಳಿದ್ದರು. ಮರುದಿನ ಕೊಡುವ ಅಂತಲೇ ಇದ್ದೆ."

"ಮತ್ತೆ?"

"ಮರುದಿನ ನೀರಿನ ಪೈಪ್ ಒಡೆಯಿತು, ಅಲ್ಲಿಗೆ ಕಳಿಸಿದರು. ಅದರ ಮರುದಿನ ಹೊರಟೆ. ಅವರು ತಾರೀಕು ನೋಡಿ ತಡ ಯಾಕೆ ಅಂತ ಕೇಳಿದರೆ ಏನು ಹೇಳುವುದು? ತಡ ಆದಷ್ಟೂ ಹೆದರಿಕೆ ಜಾಸ್ತಿಯಾಯಿತು ಸರ್."

"ಜಯೇಶ್ ಏನು ಕೊಟ್ಟರು?"

"ಅವರ ಒಂದು ಚಾ ಸಹ ಕುಡಿದವನಲ್ಲ."

ಮೂಲ ಆದೇಶ ಅವನ ಮನೆಯ ದೇವರ ಪಟದ ಹಿಂದೆ ಮಡಿಕೆ ಬಿಚ್ಚದೆ ಸಿಕ್ಕಿತು. ನೋಣಯ್ಯನನ್ನು ದಸ್ತಗಿರಿ ಮಾಡಿದ ಸಂಜೆಯೇ ಅಶೋಕ್ ಸರಕಾರಿ ವಕೀಲರಿಗೆ ವರದಿ ಕಳುಹಿಸಿದರು. ಸೋಮವಾರ ಹೈಕೋರ್ಟ್, ವಿಳಂಬ ಅರ್ಜಿದಾರರದ್ದಲ್ಲವೆಂದು ಒಪ್ಪಿ, ಕಾಮಗಾರಿಗೆ ತಡೆ ನೀಡಿತು.

ಜಾಮೀನಿನ ಮೇಲೆ ಬಿಡುಗಡೆಯಾಗಿ ಸಹಿ ಹಾಕಲು ಠಾಣೆಗೆ ಬಂದ ನೋಣಯ್ಯನಿಗೆ ಯಶೋಧಮ್ಮ ಜಗಲಿಯಲ್ಲೇ ಎದುರಾದರು.

"ಒಂದು ಮಾತು ಹೇಳಬಹುದಿತ್ತಲ್ಲ ನೋಣಯ್ಯ. ನಾನು ಬೈಯುತ್ತಿದ್ದೆನಾ?"

"ಬೈಯುತ್ತಿರಲಿಲ್ಲ ಅಮ್ಮ," ಎಂದ ಅವನು. "ಅದಕ್ಕೇ ಬರಲಿಕ್ಕೆ ಆಗಲಿಲ್ಲ."