ಎರವಲು ಎದೆ

ಬೀದರಿನ ಬರೀದಶಾಹಿ ಗಾರ್ಡನ್ನಿನ ಹುಲ್ಲಿನ ಮೇಲೆ ಶರ್ವರಿ ಬಂದು ಕೂತಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಮುಗಿಯಿತು ಅಂದುಕೊಂಡ ಮಯೂರ. ಔರಾದದ ತಂದೆಯ ಮನೆಯಿಂದ ಬಸ್ ಹಿಡಿದು ಬಂದವಳು ಬೇಡ ಅನ್ನಲಿಕ್ಕೇ ಬಂದಿದ್ದಾಳೆ.

"ಬಾಬಾ ಏನಂದ್ರು?"

"ಏನಂದಿರ್ಬೇಕು, ನೀನೇ ಹೇಳು."

ಮಯೂರ ಗಂಟಲು ಸರಿಮಾಡಿಕೊಂಡು ಅವಳ ತಂದೆ ಭಾಲಚಂದ್ರರಾಯರ ದನಿ ತೆಗೆದ. "ನೋಡ್ರಿ ಮಯೂರರಾವ, ಜೀನ್ಸ್ ಹಾಕೋ ಅಳಿಯಾ ನನಗ ಬ್ಯಾಡ. ಜೀನ್ಸ್ ಚಲೋ ಇರೋ ಅಳಿಯಾ ಬೇಕು."

ನಗಬಾರದೆಂದು ಅವಳು ತುಟಿ ಕಚ್ಚಿದಳು. ಎಡಗೆನ್ನೆಯ ಗುಳಿ ಮಾತ್ರ ಮಾತು ಕೇಳಲಿಲ್ಲ. ಆ ಗುಳಿಯಲ್ಲಿ ಬಿದ್ದವನು ಮಯೂರ. ಎದ್ದು ಬರುವ ಇರಾದೆ ಅವನಿಗೆ ಇರಲಿಲ್ಲ.

ಭಾಲಚಂದ್ರರಾಯರ ಹಟಕ್ಕೆ ಕಾರಣವಿತ್ತು. ದೊಡ್ಡ ಮಗಳು ಸಾನಿಕಾಳ ಮದುವೆಗೆ ಜಾತಕದಲ್ಲಿ ಹೊಂದಬೇಕಾದ ಗುಣಗಳೆಲ್ಲ ಹೊಂದಿದ್ದವು. ಗಂಡ ಹೃದಯಾಘಾತದಿಂದ ಹೋದಾಗ ಅವಳ ಕೈಯ ಮೆಹಂದಿ ಇನ್ನೂ ಪೂರ್ತಿ ಮಾಸಿರಲಿಲ್ಲ. ಅಂದಿನಿಂದ ರಾಯರು ಭಟ್ಟರನ್ನು ಬಿಟ್ಟು ಹೈದರಾಬಾದಿನ ಒಂದು ಲ್ಯಾಬನ್ನು ಹಿಡಿದರು. ಹುಡುಗ ನಳಿಕೆಯೊಂದರಲ್ಲಿ ಉಗುಳಿ ಕಳಿಸಬೇಕು. ಶುಗರ್, ಬಿಪಿ, ಹಾರ್ಟು, ಯಾವುದು ಬರುವ ಸಂಭವ ಎಷ್ಟೆಂದು ಅವರು ಜೀನು ನೋಡಿ ಹೇಳುತ್ತಾರೆ. ರಿಪೋರ್ಟ್ ಚೆನ್ನಾಗಿದ್ದರೆ ಸಾಖರಪುಡಾ, ಅಂದರೆ ಸಕ್ಕರೆ ಕೊಟ್ಟು ನಿಶ್ಚಿತಾರ್ಥ. ಇಲ್ಲದಿದ್ದರೆ ಚಹಾ ಕುಡಿಸಿ ಕಳಿಸುವುದು, ಅದೂ ಸಪ್ಪೆ.

ಮಯೂರನ ರಿಪೋರ್ಟ್ ಹೋಳಿಯ ಹೊತ್ತಿಗೆ ಬಣ್ಣ ಹಚ್ಚಿಕೊಂಡೇ ಬಂದಿತ್ತು. ಹೃದಯದ ರಕ್ತನಾಳದ ಕಾಯಿಲೆ ಎಂಬ ಸಾಲು ಕೆಂಪಗಿತ್ತು.

"ಬಾಬಾ ಒಪ್ಪಿದ್ರು," ಅಂದಳು ಶರ್ವರಿ.

ಮಯೂರನಿಗೆ ತನ್ನ ದನಿಯೂ ಸಿಗಲಿಲ್ಲ, ಬೇರೆಯವರದೂ ಸಿಗಲಿಲ್ಲ.

"ಸಾನಿಕಾಕ್ಕನೇ ನನ್ನ ಕಡಿ ಮಾತಾಡಿದಳು. ನಮ್ಮ ಮನಿಯವ್ರಿಗೆ ಮೊದಲ ತಿಳದಿದ್ರ ಔಷಧ ಇತ್ತು, ಪಥ್ಯ ಇತ್ತು, ಅವರು ಇರ್ತಿದ್ರು. ಈ ಹುಡುಗಗ ತಿಳದದ, ಇವ ಉಳೀತಾನ ಅಂದಳು. ಬಾಬಾ ಎದ್ದು ಹೊರಗ ಹೋಗಿ ಅತ್ತರು. ಒಳಗ ಬಂದು ಹೂಂ ಅಂದ್ರು." ಅವಳು ಅವನ ಮಣಿಕಟ್ಟು ಹಿಡಿದು ನಾಡಿಯ ಮೇಲೆ ಬೆರಳಿಟ್ಟಳು. "ಉಪ್ಪು ಕಡಿಮಿ ಹಾಕಿ ಪುಂಡಿಪಲ್ಯ ಮಾಡೋದು ಕಲ್ತೀನಿ. ಭಾಳ ಕೆಟ್ಟ ಇರ್ತದ. ಬಾಯಿ ಮುಚ್ಚಿಕೊಂಡು ತಿನ್ನಬೇಕು."

"ಬಾಯಿ ಮುಚ್ಚಿಕೊಂಡು ಹ್ಯಾಂಗ ತಿನ್ನಲಿ, ಡಾಕ್ಟರ್ರೇ?"

ಅವಳು ಫಿಸಿಯೋಥೆರಪಿಸ್ಟ್. ಬೀದರಿನಲ್ಲಿ ಅವಳ ಚಿಕ್ಕ ಕ್ಲಿನಿಕ್. ಭಾಲ್ಕಿಯ ಕಾಲೇಜಿನಲ್ಲಿ ಬಯಾಲಜಿ ಕಲಿಸುವ ಮಯೂರ ಅಲ್ಲಿಗೆ ಮೊದಲು ಬಂದದ್ದು ಬಾಲ್ಯದ ಗೆಳೆಯ ಆಶೀಷನ ಎಡಭುಜದ ನೋವಿಗಾಗಿ. ಒಳಗೆ ಆಶೀಷ ನರಳುತ್ತಿದ್ದ, ಹೊರಗೆ ಕೂತ ಮಯೂರ ಅದೇ ರಾಗದಲ್ಲಿ ನರಳಿ ಸಾಲಿನಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದ. ಯಾರೆಂದು ನೋಡಲು ಪರದೆ ಸರಿಸಿದವಳು ನೋಡುತ್ತಲೇ ಉಳಿದಳು.

ಈಗ ಅವಳ ಬೆರಳು ತನ್ನ ನಾಡಿಯ ಮೇಲಿದ್ದಾಗ ಮಯೂರನಿಗೆ ಸಂತೋಷ ತಡೆಯಲಾಗಲಿಲ್ಲ. ಅವಳಿಗೂ ಒಂದು ಸಂತೋಷ ಕೊಡಬೇಕೆನಿಸಿತು.

"ಉಪ್ಪು ಹಾಕು. ಬೇಕಾದಷ್ಟು ಹಾಕು. ಆ ರಿಪೋರ್ಟ್ ನಂದಲ್ಲ."

"ಏನು?"

"ನಮ್ಮಪ್ಪ ಜ್ವರದಾಗ ಹೋದ್ರು ಅಂತ ನಿಮ್ಮ ಮನ್ಯಾಗ ಹೇಳಿದ್ನಲ್ಲ. ಅದು ಹಾರ್ಟು. ನನ್ನ ಉಗುಳು ಕಳಿಸಿದ್ರ ಬಾಬಾ ಬಾಗಲಾ ಹಾಕ್ತಾರಂತ ಅಂಜಿಕಿ ಬಂತು. ಆಶ್ಯಾ ಕಂಬ ಇದ್ದಾಂಗ ಇದ್ದಾನ. ಮಕ್ಕಳಿಗೆ ಪ್ರಾಕ್ಟಿಕಲ್ ತೋರ್ಸೋದದ ಅಂದೆ. ನಕ್ಕೋತ ಉಗುಳಿ ಕೊಟ್ಟ."

ಶರ್ವರಿ ನಕ್ಕುಬಿಟ್ಟಳು. ಕಣ್ಣಲ್ಲಿ ನೀರು ಬಂತು, ಗುಳಿ ಬಿತ್ತು. ಆಮೇಲೆ ನಗು ಅರ್ಧಕ್ಕೇ ನಿಂತಿತು.

"ಅಂದ್ರ ಕೆಂಪು ಸಾಲು ಆಶೀಷಂದು."

"ಹೌದು."

"ಅವಂಗ ಹೇಳೀದಿ?"

ಮಯೂರ ಹುಲ್ಲು ಕಿತ್ತ. "ಸಾಖರಪುಡಾ ಆಗ್ಲಿ ಅಂತ… ಅವಂಗ ಹೇಳಿದ್ರ ನಿನಗ ಹೇಳ್ತಿದ್ದ. ಹೊಟ್ಟ್ಯಾಗ ಏನೂ ನಿಲ್ಲಂಗಿಲ್ಲ ಅವಂದು."

"ಹೋಳಿ ಆಗಿ ನಾಗರಪಂಚಮಿ ಬಂತು." ಅವಳು ಅವನ ಮಣಿಕಟ್ಟು ಬಿಟ್ಟಳು. "ಜಿನಾದ ಮೆಟ್ಟಿಲಾ ಹತ್ತಿದ್ರ ಎಡಗೈ ಹಿಡೀತದ ಅಂತ ಹೋದ ವಾರ ಬಂದಿದ್ದ. ನೀನೂ ಇದ್ದಿ. ಅವ ನರಳಿದಾಂಗ ನರಳಿ ತೋರಿಸಿದಿ, ನಾ ನಕ್ಕೆ. ಭುಜದ ನೋವಂತ ತಿಳಕೊಂಡು, ವಜನ್ ಎತ್ತೋದು ಬಿಡಬ್ಯಾಡ ಅಂದೆ. ನಾ ಅಂದೆ, ಮಯೂರ. ನನ್ನ ಬಾಯಿಲೆ ಅನಿಸಿದಿ."

"ಶರೂ, ರಿಪೋರ್ಟ್ ಅಂದ್ರ ಸಂಭವ ಅಷ್ಟೇ. ಆಗೇ ಬಿಡ್ತದಂತ ಅಲ್ಲ."

"ಅದನ್ನೇ ಅಕ್ಕ ಬಾಬಾಗ ಹೇಳಿ ಒಪ್ಪಿಸಿದಳು. ಮೊದಲ ತಿಳದ್ರ ಉಳೀತಾರ ಅಂತ."

ಅವಳು ಫೋನ್ ತೆಗೆದು ಸ್ಪೀಕರ್ ಹಚ್ಚಿದಳು. ಮಯೂರನನ್ನು ಗಾಡಿಯ ಮೇಲೆ ಭಾಲ್ಕಿಯಿಂದ ಕರೆತಂದವನೇ ಆಶೀಷ. ಇವರ ಮಾತು ಮುಗಿಯುವವರೆಗೆ ಉದಗೀರ ರಸ್ತೆಯ ಪರಿಚಯದ ಜಿಮ್ಮಿನಲ್ಲಿ ಇರುತ್ತೇನೆಂದು ಹೋಗಿದ್ದ. ಹಿಂದಿನಿಂದ ಕಬ್ಬಿಣದ ಸದ್ದು ಕೇಳಿಸಿತು.

"ವೈನಿ, ಬಾಬಾ ಒಪ್ಪಿದ್ರೇನ್ರಿ? ಪೇಢಾ ತರ್ಲಿ?" ಅವಳನ್ನು ಅವನು ಆಗಲೇ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ.

ಶರ್ವರಿ ಫೋನನ್ನು ಮಯೂರನ ಬಾಯಿಯ ಹತ್ತಿರ ಹಿಡಿದಳು.

"ಆಶ್ಯಾ," ಅಂದ ಮಯೂರ, ಉಗುಳು ನುಂಗಿ. "ಆ ಪ್ರಾಕ್ಟಿಕಲ್ ಇತ್ತಲ್ಲ, ಅದು ಪ್ರಾಕ್ಟಿಕಲ್ ಅಲ್ಲ. ಬಾಬಾ ಕೇಳಿದ ಪರೀಕ್ಷಾಕ್ಕ ನಿಂದು ಕಳಿಸಿದೆ. ಹಾರ್ಟಿಂದು ಕೆಂಪು ಬಂದದ. ನಿಂದು ಅದು."

ಆಶೀಷ ಗೊಳ್ಳೆಂದು ನಕ್ಕ. "ಯಾರ ಆವಾಜ್ ತೆಗೀಲತ್ತಿಲೇ? ನಿಮ್ಮ ಪ್ರಿನ್ಸಿಪಾಲಂದಾ?"

"ಯಾರದೂ ಅಲ್ಲ."

ಕಬ್ಬಿಣದ ಸದ್ದು ನಿಂತಿತು.

"ಯಾವಾಗ ಗೊತ್ತಾಯ್ತು ನಿನಗ?"

"ಹೋಳಿಗೆ."

"ಮತ್ತ ದಿನಾ ನನ್ನ ಜೋಡಿ ಕೂತು ಮಿರ್ಚಿ ತಿಂದಿ." ಬೈಯಲಿಲ್ಲ ಆಶೀಷ. ಬೈದಿದ್ದರೆ ಮಯೂರನಿಗೆ ಹಗುರವಾಗುತ್ತಿತ್ತು. "ವೈನಿ, ಅಲ್ಲೇ ಇದ್ದೀರೇನ್ರಿ? ಈಗೂ ಎಡಗೈ ಹಿಡದದ್ರಿ."

ಶರ್ವರಿ ಆಗಲೇ ಎದ್ದಿದ್ದಳು. "ವೈನಿ ಅನಬ್ಯಾಡ ಆಶೀಷ. ಶರ್ವರಿ ಅನು. ಎಲ್ಲಾ ಬಿಟ್ಟು ಕೂಡು, ಜಿನಾ ಇಳೀಬ್ಯಾಡ. ಆಟೋ ತೊಗೊಂಡು ಬರ್ಲತ್ತೀನಿ, ದವಾಖಾನಿಗೆ ಹೋಗೋಣ."

"ನಾನೂ ಬರ್ತೀನಿ," ಅಂದ ಮಯೂರ.

"ನೀವು ಬ್ಯಾಡ್ರಿ."

ಎರಡು ಹೆಜ್ಜೆ ಹೋದವಳು ನಿಂತು ಅವನ ಕಾಲರಿಗೆ ಹತ್ತಿದ್ದ ಹುಲ್ಲಿನ ಎಸಳನ್ನು ತೆಗೆದಳು. ಹೊರಡುವ ಮೊದಲು ಹೆಂಡತಿ ಮಾಡುವಂತೆ, ಅಷ್ಟು ಮೆಲ್ಲಗೆ.

"ಖರೇ ಹೇಳ್ತೀನಿ. ಅದು ನಿಮ್ಮದೇ ಎದಿ ಆಗಿದ್ರ ಜೀವ ಇರೋ ತನಕ ಕಾಯ್ತಿದ್ದೆ." ಮುಖ ತಿರುಗಿಸಿದಳು. "ಒಮ್ಮಿ ನಿಮ್ಮದೂ ಪರೀಕ್ಷಾ ಮಾಡಸ್ಕೋರಿ. ಅಪ್ಪ ಹೋದದ್ದು ಜ್ವರದಾಗಲ್ಲ."

ಗೇಟಿನಲ್ಲಿ ಆಟೋ ಸಿಕ್ಕಿತು. ಮಯೂರ ಹಿಂದೆ ಓಡಿ ಬಂದ, ಕಂಬಿ ಹಿಡಿದು ನಿಂತ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ತನ್ನೊಬ್ಬನಿಗಾಗಿ ಇದೆ ಎಂದು ಅವನು ನಂಬಿದ್ದ ಆ ಮೆತ್ತನೆಯ ದನಿಯಲ್ಲಿ ಹೇಳುತ್ತಿದ್ದಳು:

"ಹೂಂ, ಕೇಳ್ಲತ್ತೀನಿ. ಸುಮ್ಮ ಆಗಬ್ಯಾಡ, ಮಾತಾಡ್ಕೋತ ಇರು. ಬಂದೇ ಬಿಟ್ಟೆ."

ಡ್ರೈವರ್ ಮಯೂರನ ಕಡೆ ನೋಡಿ ಅವಳನ್ನು ಕೇಳಿದ, "ಇವ್ರೂ ಬರೋರೇನ್ರಿ?"

"ಇಲ್ರಿ. ನಡೀರಿ ಲಗೂ."