ಕೇಳದೆ ಗಾಳಿ ಬಿಟ್ಟವನು

"ಏಯ್! ನನ್ನ ಸೈಕಲ್ ಗಾಳಿ ಯಾಕ ಬಿಡಾಕತ್ತೀರಿ?"

ಕಾವೇರಿಯ ಕೂಗಿಗೆ ಯಲ್ಲಾಪುರದ ಛತ್ರದ ಹಂಚುಗಳೇ ಅಲುಗಿದವು!

ಬೆಳಗಿನ ಆರು ಗಂಟೆ. ಹೊರಗೆ ಮಳೆ... ಎಂಥ ಮಳೆ ಅಂತೀರಿ? ಹಿಂದಿನ ದಿನ ಹುಬ್ಬಳ್ಳಿಯಿಂದ ಅಂಕೋಲೆಯ ಸಮುದ್ರಕ್ಕೆ ಹೊರಟ ಇಪ್ಪತ್ತೆರಡು ಸೈಕಲ್‌ಗಳನ್ನು ಕಂಡು ಕಲಘಟಗಿಯ ಎಮ್ಮೆಗಳು ಕೂಡ ಅಂಗಡಿ ಕಟ್ಟೆ ಹತ್ತಿ ನಿಂತು, 'ಇವರಿಗೇನು ಹುಚ್ಚೇ?' ಎಂದು ತಲೆ ಅಲ್ಲಾಡಿಸಿದ್ದವು!

ಅವಳ ಸೈಕಲ್ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದವನು ಮುತ್ತು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಸೈಕಲ್ ರಿಪೇರಿ ಅಂಗಡಿ ಅವನದು. ಹೆಬ್ಬೆರಳು ಒತ್ತಿದರೆ ಸಾಕು, ಟಯರಿನ ಜಾತಕವನ್ನೇ ಹೇಳುತ್ತಾನೆ ಅಂತ ಊರೆಲ್ಲ ಹೆಸರು. ಆದರೆ ಹುಡುಗಿಯರ ಮುಂದೆ ಮಾತ್ರ ಬಾಯಿಗೆ ಬೀಗ!

"ಅದು... ಗಾಳಿ... ಭಾಳ ಬಿರುಸ ಐತ್ರಿ..."

"ಬಿರುಸ ಇರ್ಲಿ ಅಂತನ ಹೊಡಸೇನಿ! ಕೊಡ್ರಿ ಇಲ್ಲೆ ಪಂಪ."

ಟಯರು ಕಲ್ಲಾಗುವವರೆಗೂ ಅವಳೇ ಗಾಳಿ ಹೊಡೆದಳು. ಮುತ್ತು ಪಂಪು ಎತ್ತಿಕೊಂಡು ಹಿಂದೆ ಸರಿದ.

ಅವಳ ಸಿಟ್ಟಿಗೆ ಕಾರಣವಿತ್ತು. ನಿನ್ನೆ ಇಡೀ ದಿನ ಎಲ್ಲರಿಗಿಂತ ಹಿಂದೆ ಬಿದ್ದವಳು ಅವಳು. ಸುಸ್ತಾದವರನ್ನು ಹತ್ತಿಸಿಕೊಳ್ಳಲು ಕಾಸಿಮಸಾಬರ ಟೆಂಪೋ ಹಿಂದೆಯೇ ಬರುತ್ತಿತ್ತು. ಟೆಂಪೋಗೂ ಅವಳಿಗೂ ನಡುವೆ... ಈ ಮುತ್ತು!

'ನಾ ಯಾವಾಗ ಸೋಲ್ತೀನಿ ಅಂತ ಕಾಯಾಕತ್ತಾನ. ಈಗ ಗಾಳಿನೂ ಬಿಟ್ಟು ಟೆಂಪೋ ಹತ್ಸಾಂವ!'

ಸೋಲುವಂತಿರಲಿಲ್ಲ. ಮಾಳಮಡ್ಡಿಯ ಮನೆ ಬಾಗಿಲಲ್ಲಿ ಅವ್ವ ಮಾಳವ್ವ ನಗುತ್ತಾ ಹೇಳಿದ್ದಳು: "ಟೆಂಪೋ ಹತ್ತದ ಅಂಕೋಲಾ ಸಮುದ್ರ ಮುಟ್ಟಿದಿ ಅಂದ್ರ, ಈ ವಯಸ್ಸಿನ್ಯಾಗ ನಾನೂ ಸೈಕಲ್ ಕಲೀತೇನಿ ನೋಡ!"

ನಗೆಯ ಹಿಂದಿದ್ದ ಆಸೆ ಮಗಳಿಗೆ ಕಾಣದೇ ಇರುತ್ತದೆಯೇ? ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಮುಟ್ಟಿದ್ದಕ್ಕೇ ಏಟು ತಿಂದವಳು ಅವ್ವ...

ಅರಬೈಲ್ ಘಟ್ಟದ ಇಳಿಜಾರು ಶುರುವಾಯಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕತ್ತರಿಸಿ ಚೀಲಕ್ಕೆ ತುಂಬಬಹುದಿತ್ತು! ಮೂರನೆಯ ತಿರುವಿನಲ್ಲಿ ಕಾವೇರಿ ಬ್ರೇಕ್ ಒತ್ತಿದಳು. ಹಿಂದಿನ ಗಾಲಿ ಸರ್ರನೆ ಜಾರಿತು...

ಧಪ್!

ಕೆಂಪು ಕೆಸರು. ತರಚಿದ ಮೊಣಕಾಲು. ಹಿಂದೆಯೇ ಟೆಂಪೋ ನಿಂತಿತು.

"ಬಾ ಬೇಟಿ, ಹತ್ತು. ಬಿಸಿ ಚಾ ಐತಿ," ಎಂದರು ಕಾಸಿಮಸಾಬರು.

ಗುಂಪಿನ ಹಿರಿಯ ಗುರುಶಿದ್ದಪ್ಪ ಕಾಕಾ ಕೂಡ ತಿರುಗಿ ಬಂದರು. "ಸಾಕು ತಂಗಿ. ಇನ್ನ ಒಂಬತ್ತು ತಿರುವು ಅದಾವ. ಹತ್ತಿಬಿಡು."

ಕಾವೇರಿಯ ಕಣ್ಣು ತುಂಬಿತು. 'ಅವ್ವಾ...'

"ಆಕಿ ಹತ್ತೂದಿಲ್ರಿ ಕಾಕಾ."

ಎಲ್ಲರೂ ತಿರುಗಿ ನೋಡಿದರು. ಮಾತಾಡಿದವನು ಮುತ್ತು!

"ನಿನ್ನೆ ದಿನಾ ಪೂರಾ ಹಿಂದ ಇದ್ದು ನೋಡೇನಿ. ಒಂದ ಏರಿನ್ಯಾಗೂ ಆಕಿ ಕಾಲ ಊರಿಲ್ಲ. ಇಂಥಾ ಗಟ್ಟಿಗಿತ್ತಿನ ನಾ ಎಲ್ಲೂ ಕಂಡಿಲ್ಲ! ತೊಯ್ದ ಇಳಕಲಿನ್ಯಾಗ ಬಿರುಸ ಟಯರ ಜಾರತೈತಿ. ಅದಕ್ಕ ಮುಂಜಾನೆ ಎಲ್ಲಾರದೂ ಚೂರು ಚೂರು ಗಾಳಿ ಬಿಟ್ಟೇನಿ. ಆಕಿದು ಆಕಿನ್ನ ಕೇಳಿ ಬಿಡಬೇಕಿತ್ತು... ತಪ್ಪು ನಂದ."

ಕಾವೇರಿ ಕಾಕಾನ ಟಯರು ನೋಡಿದಳು. ಮುತ್ತುವಿನದು ನೋಡಿದಳು. ಎರಡೂ ರಸ್ತೆಗೆ ಸ್ವಲ್ಪ ಅಂಟಿ ಕೂತಿದ್ದವು. ತನ್ನದೊಂದೇ ಕಲ್ಲು!

'ಹಂಗಾರ... ನಾ ಬೀಳಲಿ ಅಂತಲ್ಲ, ಬೀಳಬಾರದು ಅಂತ ಹಿಂದ ಇದ್ದಾ?'

ತಾನೇ ಕೂತು ಗಾಳಿ ಬಿಟ್ಟಳು. ಸುಸ್ಸ್ಸ್...

"ಎಷ್ಟ ಬಿಡ್ಲಿ?"

"ಹೆಬ್ಬಟ್ಟಿಲೆ ಒತ್ರಿ. ಸ್ವಲ್ಪ ಒಳಗ ಹೋಗಬೇಕು."

ಅವಳು ಒತ್ತಿದಳು. ಪಕ್ಕದಲ್ಲೇ ಅವನೂ ಒತ್ತಿ ನೋಡಿದ. ಒಂದೇ ಟಯರಿನ ಮೇಲೆ ಎರಡು ಹೆಬ್ಬೆರಳು... ಯಾರದೂ ಬೇಗ ಮೇಲೇಳಲಿಲ್ಲ!

"ಚಾ ಆರಾಕತ್ತೈತ್ರಪಾ!" ಎಂದು ಕಾಸಿಮಸಾಬರು ಕೂಗಿದಾಗಲೇ ಇಬ್ಬರಿಗೂ ಎಚ್ಚರ.

ಉಳಿದ ಒಂಬತ್ತು ತಿರುವುಗಳನ್ನು ಅವಳು ಹೇಗೆ ಇಳಿದಳು ಗೊತ್ತೇ? ಎದುರಿನ ಲಾರಿ ಚಾಲಕರು ಗಾಡಿ ನಿಲ್ಲಿಸಿ ಸಲಾಮು ಹೊಡೆದರು! ಹಿಂದೆ ಕೇಳಿಸುತ್ತಿದ್ದ ಚೈನಿನ ಸದ್ದಿಗೆ ಈಗ ಸಿಟ್ಟು ಬರಲಿಲ್ಲ. ಅದು ಕೇಳಿಸದಿದ್ದರೆ ಕತ್ತು ತಿರುಗುತ್ತಿತ್ತು...

ಮಧ್ಯಾಹ್ನ ಅಂಕೋಲೆಯ ದಂಡೆಯಲ್ಲಿ ಅವಳ ಮುಂದಿನ ಗಾಲಿಯನ್ನು ಅಲೆ ತೊಯಿಸಿತು. ಸ್ಪೀಕರ್ ಒತ್ತಿ ಅವ್ವನಿಗೆ ಫೋನ್ ಹಚ್ಚಿದಳು.

"ಅವ್ವಾ, ಮುಟ್ಟೇನಿ! ಟೆಂಪೋ ಹತ್ತಿಲ್ಲ!"

ಆ ಕಡೆಯಿಂದ ನಗುವೋ ಅಳುವೋ ತಿಳಿಯದ ದನಿ: "ನನ್ನ ಹುಲಿ! ಆದ್ರ ನೀ ದಿನಾ ಲಕಮನಹಳ್ಳಿಗೆ ಕೆಲಸಕ್ಕ ಹೋಗಾಕಿ... ನನಗ ಸೈಕಲ್ ಕಲಸೋರು ಯಾರವಾ?"

ಕಾವೇರಿ ಪಕ್ಕದಲ್ಲಿದ್ದ ಮುತ್ತುವಿನತ್ತ ನೋಡಿದಳು. ಅವನ ಕಿವಿ ಕೆಂಪಾಯಿತು.

"ನಾ ಕಲಸ್ತೇನ್ರಿ..." ಎಂದ ಮುತ್ತು. "ಅವರಿಗೆ... ಅತ್ತಿ ಅಂತ ಕರದು ಕಲಸ್ಲ್ಯಾ?"

ಅಲೆಯೊಂದು ಬಂದು ಇಬ್ಬರ ಪಾದವನ್ನೂ ತೊಯಿಸಿ ಹೋಯಿತು. ಕಾವೇರಿ ತಲೆ ತಗ್ಗಿಸಿದಳು. ನಗು ಮಾತ್ರ ತಗ್ಗಲಿಲ್ಲ.

"ಅಂತೂ ಈ ಸಲ ಕೇಳಿದ್ರಲ್ಲ!"

"ಕೇಳದ ಮಾಡಿ ಒಮ್ಮೆ ಬೈಸ್ಕೊಂಡೇನ್ರಿ..."

"ಕರೀರಿ," ಎಂದಳು ಮೆಲ್ಲಗೆ.