ಬಾಗಿಲ ಕಡೆ ತಿರುಗಿದ ಕುರ್ಚಿ

ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಪುಟ್ಟಿ ಇನ್ನೂ ಉರಿ ಸಣ್ಣ ಮಾಡಿರಲಿಲ್ಲ. ಅಷ್ಟರಲ್ಲಿ ಕೆಳಗಿನ ಮಳಿಗೆಯ ಹೊಸ ಕ್ಷೌರಿಕ ದಡದಡ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲೇ ಕುಸಿದು ಕೂತ.

"ಅಕ್ಕಾ, ಅಮ್ಮಾವ್ರಿದಾರಾ? ಸಂಜೆ ಅಂಗಡಿ ಶುರು ಮಾಡ್ಬೇಕು, ನನ್ನ ಕತ್ತರಿ, ಕ್ಷೌರದ ಕತ್ತಿ ಎರಡೂ ಇಲ್ಲ. ಯಾರೋ ಎತ್ಕೊಂಡು ಹೋಗಿದಾರೆ."

"ಬೀಗ ಒಡೆದಿದಾರಾ?" ಒಳಗಿನಿಂದ ಅತ್ತೆಯ ದನಿ ಬಂತು.

"ಇಲ್ಲ. ಹಾಕಿದ್ದು ಹಾಕಿದಂಗೇ ಇತ್ತು."

"ಹಾಗಾದ್ರೆ ಬಂದೆ. ಪುಟ್ಟೀ, ಹಾಲು ಉಕ್ಕುತ್ತೆ ನೋಡೇ!"

ಮೂವತ್ತು ದಾಟಿ, ಎರಡು ಪದವಿ ಪಡೆದಿದ್ದರೂ ಅತ್ತೆಯ ಬಾಯಲ್ಲಿ ಅವಳು ಪುಟ್ಟಿಯೇ. ಅಪ್ಪನ ಅಕ್ಕನಾದ ಅತ್ತೆ ವಿಮೆ ಕಂಪನಿಯಲ್ಲಿ ಕಳವು, ಬೆಂಕಿ ಅನಾಹುತಗಳ ಸತ್ಯಾಸತ್ಯ ಪರೀಕ್ಷಿಸಿ ನಿವೃತ್ತರಾದವರು. ಆ ಬೀದಿಯಲ್ಲಿ ಏನು ಕಳೆದರೂ ಜನ ಮೊದಲು ಅವರ ಬಾಲ್ಕನಿಯತ್ತ ತಲೆಯೆತ್ತುತ್ತಿದ್ದರು. ಪುಟ್ಟಿಯದೋ, ಬೀಗ ಹಾಕಿದ ಮೇಲೂ ಎಳೆದೆಳೆದು ನೋಡುವ ಸ್ವಭಾವ. ಆ ಗಾಬರಿಯ ಕಣ್ಣಿಗೆ ಬಿದ್ದದ್ದು ಎಷ್ಟೋ ಸಲ ಅತ್ತೆಯ ಉಪಯೋಗಕ್ಕೆ ಬಂದಿತ್ತು.

ಮಳಿಗೆಯಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಗೋಡೆಯಗಲದ ಕನ್ನಡಿ, ಹೊಸ ನಲ್ಲಿ, ನಡುವೆ ಮಹಾರಾಜನ ಹಾಗೆ ಒಂದು ಕುರ್ಚಿ. ಕೈಯಲ್ಲಿದ್ದದ್ದೆಲ್ಲ ಮುಂಗಡಕ್ಕೂ ಕನ್ನಡಿಗೂ ಕರಗಿಹೋಗಿ, ಕುರ್ಚಿಗಾಗಿ ಹೆಂಡತಿಗೆ ಅವಳ ತಾಯಿಯಿಂದ ಬಂದ ಹೊಲಿಗೆ ಯಂತ್ರವನ್ನೇ ಮಾರಿದ್ದ. ಅವಳು ಬಾಗಿಲ ಬಳಿ ನಿಂತು ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಮುಂದಕ್ಕೆ ಸರಿಸುತ್ತಿದ್ದಳು, ಸೂಜಿಯ ಕೆಳಗೆ ಬಟ್ಟೆ ಸರಿಸುವ ಹಾಗೆ. ಆ ಬೆರಳುಗಳನ್ನು ಕಂಡು ಪುಟ್ಟಿಯ ಎದೆ ಚುರುಕ್ಕೆಂದಿತು. ಸಿಟ್ಟಿಗೆ ಇವಳೇ ಏನಾದರೂ ಎತ್ತಿಟ್ಟಳೇ?

"ಇನ್ಯಾರು ಮಾಡ್ತಾರೆ? ಇವನೇ," ಎಂದು ಕ್ಷೌರಿಕ ಹೆಂಡತಿಯ ತಮ್ಮನತ್ತ ಕೈ ತೋರಿಸಿದ. "ಕೀಲಿಕೈ ಮನೇಲಿ ಮೊಳೆಗೆ ನೇತಾಡ್ತಿತ್ತು. ಸಂಜೆಯೊಳಗೆ ಕತ್ತರಿ ಬರ್ಲಿಲ್ಲ ಅಂದ್ರೆ ಮನೆಯಿಂದ ಆಚೆ ನಡೀಲಿ."

"ಅಮ್ಮನ ಮೆಷಿನ್ ಮಾರ್ಬೇಡ ಭಾವ ಅಂದಿದ್ದು ನಿಜ, ಜಗಳ ಆಡಿದ್ದೂ ನಿಜ," ಎಂದ ಮೈದುನ. "ನಿನ್ನ ಕತ್ತರಿ ತಗೊಂಡು ನಾನೇನು ಮೀಸೆ ಕತ್ತರಿಸ್ಕೊಳ್ಳಲಾ? ಇನ್ನೂ ಬಂದೇ ಇಲ್ಲ ನಂಗೆ!"

"ಅವನು ಹೋದ್ರೆ ನಾನೂ ಹೋಗ್ತೀನಿ," ಎಂದಳು ಹೆಂಡತಿ, ಯಾರನ್ನೂ ನೋಡದೆ.

"ಬೇರೆ ಕತ್ತರಿ ತಂದ್ರಾಗಲ್ವಾ?" ಪುಟ್ಟಿ ಮೆಲ್ಲಗೆ ಕೇಳಿದಳು.

"ನಿಮ್ಮ ಕನ್ನಡಕ ನಾನು ಹಾಕ್ಕೊಂಡ್ರೆ ಕಾಣುತ್ತಾ ಅಕ್ಕಾ? ಕೆಲಸ ಕಲಿತಾಗಿಂದ ಅದೇ ಕತ್ತರಿ. ನನ್ನ ಹೆಬ್ಬೆರಳು ಸವೆದಂಗೆ ಅದೂ ಸವೆದಿದೆ."

ಅತ್ತೆ ಕಪಾಟು ತೆರೆದರು. ಹೊಸ ವಿದ್ಯುತ್ ಟ್ರಿಮ್ಮರ್ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಆಮೇಲೆ ಬಾಗಿಲ ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿದರು. ಹಳೆಯ ಹಿತ್ತಾಳೆ ಬೀಗ. ಒಂದು ಪಕ್ಕಕ್ಕೆ ಹಸಿರು ಬಣ್ಣ ಮೆತ್ತಿತ್ತು.

"ಇದೆಲ್ಲಿಂದ ಬಂತಪ್ಪಾ?"

"ಹಳೇದು, ಮನೇಲಿ ಬಿದ್ದಿತ್ತು. ಎಲ್ಲಾ ಹೊಸದಾಗಿ ತಂದೆ, ಬೀಗಾನಾದ್ರೂ ಉಳಿಸೋಣ ಅಂತ."

ಪುಟ್ಟಿಗೆ ಕಂಡದ್ದು ಬೇರೆ. "ಕುರ್ಚಿ ನೀವೇ ಬಾಗಿಲ ಕಡೆ ತಿರುಗಿಸಿದ್ರಾ?"

"ಇಲ್ಲಕ್ಕಾ. ಒರೆಸಿ ಕನ್ನಡಿ ಕಡೆಗೇ ಬಿಟ್ಟಿದ್ದೆ," ಎಂದು ಅವನೂ ಆಗಷ್ಟೇ ಗಮನಿಸಿದವನಂತೆ ಕುರ್ಚಿಯನ್ನು ದಿಟ್ಟಿಸಿದ.

ಅತ್ತೆ ಪುಟ್ಟಿಯ ಬೆನ್ನು ತಟ್ಟಿ, "ನಡಿ, ಒಂದು ಸುತ್ತು ಹೋಗ್ಬರೋಣ," ಎಂದರು.

ಹೋದದ್ದು ಹಿಂದಿನ ಬೀದಿಗೆ, ಕ್ಷೌರಿಕ ಮೊನ್ನೆ ಮೊನ್ನೆಯವರೆಗೂ ಕೆಲಸ ಮಾಡುತ್ತಿದ್ದ ಸೆಲೂನಿಗೆ. ಅವನಿಗೆ ಕೆಲಸ ಕಲಿಸಿದ ಬಿಳಿ ಹುಬ್ಬಿನ ಮಾಸ್ಟರ್ ಗಿರಾಕಿಯೊಬ್ಬನ ಗದ್ದಕ್ಕೆ ನೊರೆ ಹಚ್ಚುತ್ತಿದ್ದರು.

"ಬನ್ನಿ ಬನ್ನಿ. ನಿಮ್ಮ ಬೀದೀಲಿ ಗೋಡೆಯಷ್ಟು ದೊಡ್ಡ ಕನ್ನಡಿ ಬಂದಿದೆಯಂತೆ? ಪಾಪ, ನನ್ನ ಕನ್ನಡೀಲಿ ಇಷ್ಟು ದಿನ ಯಾರಿಗೂ ಪೂರ್ತಿ ಮುಖ ಕಾಣಿಸ್ತಿರಲಿಲ್ವೇನೋ."

"ನೀವು ಹೋಗಿ ನೋಡ್ಲಿಲ್ವಾ?"

"ಕರೆದ್ರೆ ತಾನೆ ಹೋಗೋದು," ಎಂದವರು ನೊರೆಯ ಕಡೆ ತಿರುಗಿಕೊಂಡರು.

ಎರಡನೆಯ ಕುರ್ಚಿ ಖಾಲಿಯಿತ್ತು. ಅದರ ತೋಳಿನ ಮೇಲೆ ಒಗೆದು ಮಡಿಸಿದ ಟವೆಲ್. ಗಿರಾಕಿ ಎದ್ದು ಹೋದ ಕೂಡಲೇ ಮಾಸ್ಟರ್ ಅವನ ಕುರ್ಚಿಯನ್ನು ಮೊಣಕಾಲಿನಿಂದ ಬಾಗಿಲತ್ತ ತಿರುಗಿಸಿದರು, ಅದರತ್ತ ನೋಡದೆಯೇ. ಹಿಂಬಾಗಿಲ ಚಿಲಕದ ಹಸಿರು ಬಣ್ಣದ ಮೇಲೆ ಅತ್ತೆಯ ಕಣ್ಣು ನೆಟ್ಟಿತ್ತು.

"ಸಂಜೆ ಅಲ್ಲಿಗೆ ಬನ್ನಿ ಮಾಸ್ಟ್ರೇ," ಎಂದರು ಅತ್ತೆ. "ಈಗ ನಾನು ಕರೀತಿದೀನಿ."

ಸಂಜೆ ಎಲ್ಲರೂ ಸೇರಿದರು. ಮಾಸ್ಟರ್ ಕೊನೆಗೆ ಬಂದು, ಕಂಕುಳಲ್ಲಿ ಟವೆಲಿನ ಗಂಟು ಹಿಡಿದು, ಗೋಡೆಗೆ ಆತು ನಿಂತರು.

"ಕಾಸಿಗೆ ಕದಿಯೋನು ಟ್ರಿಮ್ಮರ್ ಬಿಟ್ಟು ಸವೆದ ಕತ್ತರಿ ಯಾಕೆ ಒಯ್ತಾನೆ?" ಅತ್ತೆ ಶುರು ಮಾಡಿದರು. "ಸರಿ, ಸಿಟ್ಟಿಗೆ ಅನ್ನೋಣ. ಈ ಅಕ್ಕ ತಮ್ಮನ ಮೆಷಿನ್ ನುಂಗಿದ್ದು ಈ ಕುರ್ಚಿ. ಸಿಟ್ಟು ತೀರಿಸ್ಕೊಳ್ಳೋರು ಸೀಟಿಗೆ ಬ್ಲೇಡ್ ಎಳೀತಿದ್ರು. ಇಲ್ಲಿ ಬಂದೋರು ಅದನ್ನ ಬಾಗಿಲ ಕಡೆ ತಿರುಗಿಸಿ ಹೋಗಿದಾರೆ. ಕುರ್ಚಿ ಯಾಕೆ ತಿರುಗಿಸ್ತಾರಪ್ಪಾ?"

ಕ್ಷೌರಿಕನ ಬಾಯಿಂದ ಕಲಿತ ಪಾಠ ತಾನಾಗಿಯೇ ಹೊರಟಿತು. "ಖಾಲಿ ಕುರ್ಚಿ ಬಾಗಿಲು ನೋಡ್ತಿರ್ಬೇಕು. ಬರೋರಿಗೆ ತಮಗೋಸ್ಕರ ಕಾಯ್ತಿದೆ ಅನ್ನಿಸ್ಬೇಕು..." ಅಲ್ಲಿಗೆ ಅವನು ಮಾಸ್ಟರತ್ತ ತಿರುಗಿದ.

"ತಿರುಗಿಸಿದ್ದು ಸಿಟ್ಟಲ್ಲ, ಅಭ್ಯಾಸ," ಎಂದರು ಅತ್ತೆ. "ಇನ್ನು ಬೀಗ. ಹಸಿರು ಬಣ್ಣ ಆ ಸೆಲೂನಿನ ಹಿಂಬಾಗಿಲದ್ದು, ಅಲ್ವಾ?"

"ಹೌದು. ಅಲ್ಲಿ ಬೇಡ ಅಂತ ತೆಗೆದಾಗ ಮಾಸ್ಟ್ರೇ ಕೊಟ್ಟಿದ್ರು."

"ಬೀಗ ಕೊಟ್ರು. ಇನ್ನೊಂದು ಕೀಲಿಕೈ ಅವರ ಗೊಂಚಲಲ್ಲೇ ಉಳೀತು. ಅಂಗಡಿಗೆ ಏನೇನು ಬೇಕು ಅಂತ ನೀನು ಎಲ್ಲಾ ಯೋಚಿಸ್ದೆ, ಇದೊಂದು ಮರೆತೆ."

ಮಾಸ್ಟರ್ ಗಂಟು ಬಿಚ್ಚಿದರು. ಕತ್ತರಿಯ ತಿರುಪಿಗೆ ಎಣ್ಣೆ ಬಿದ್ದಿತ್ತು. ಕತ್ತಿಯ ಅಲಗು ಹೊಸದಾಗಿ ಮಸೆದು ಮಿಂಚುತ್ತಿತ್ತು.

"ಕದ್ದ ಮೇಲೆ ಸಾಣೆ ಯಾಕೆ ಹಿಡಿದ್ರಿ?" ಮೈದುನ ಬೆರಗಾಗಿ ಕೇಳಿದ.

"ಕೈ ಸುಮ್ನಿರಲ್ವಲ್ಲೋ." ಮುದುಕರು ಶಿಷ್ಯನತ್ತ ತಿರುಗಿದರು. "ಕತ್ತರಿ ಇಲ್ದಿದ್ರೆ ನನ್ನ ಹತ್ರ ಕೇಳೋಕೆ ಬರ್ತೀಯ ಅಂದ್ಕೊಂಡೆ. ಬೆಳಿಗ್ಗೆಯಿಂದ ದಾರಿ ನೋಡ್ದೆ. ನೀನು ಬಂದಿದ್ರೆ ಸಾಕಿತ್ತು ಕಣೋ, ಆಗ್ಲೇ ಕೊಟ್ಟುಬಿಡ್ತಿದ್ದೆ."

"ಇವನ್ನ ಬೀದಿಗೆ ತಳ್ತಿದ್ದೆ ನಾನು! ಗೊತ್ತಾ ನಿಮಗೆ?" ಕ್ಷೌರಿಕ ಮೈದುನನತ್ತ ಕೈ ತೋರಿಸಿದ.

"ಅದು ನಂಗೆ ಹೊಳೀಲೇ ಇಲ್ಲ. ತಪ್ಪಾಯ್ತು."

"ಕರೆಯೋಕೆ ಮೂರ್ಸಲ ನಿಮ್ಮ ಬಾಗಿಲವರೆಗೆ ಬಂದೆ," ಎಂದ ಕ್ಷೌರಿಕ, ದನಿ ಇಳಿದು. "ನನ್ನ ಕುರ್ಚಿ ಖಾಲಿ ಇತ್ತು. ಒಳಗೆ ಬಂದ್ರೆ ಮತ್ತೆ ಅದ್ರ ಹಿಂದೇನೇ ನಿಂತ್ಬಿಡ್ತೀನೇನೋ ಅಂತ ವಾಪಸ್ ಹೋದೆ."

ಅವನು ಮೈದುನನ ಹತ್ತಿರ ಹೋಗಿ ಅವನ ಭುಜ ಹಿಡಿದ. "ತಪ್ಪು ತಿಳ್ಕೊಂಡೆ ಕಣೋ."

"ಮೀಸೆ ಬಂದಾಗ ಪುಕ್ಕಟೆ ಟ್ರಿಮ್ ಮಾಡು ಭಾವ," ಎಂದ ಅವನು. ಅವನಕ್ಕನ ಬೆರಳುಗಳು ಸೆರಗಿನ ಮೇಲೆ ತಡೆದು ನಿಂತವು.

ಕ್ಷೌರಿಕ ಟವೆಲ್ ಕೊಡವಿದ. "ಕೂತ್ಕೊಳಿ ಮಾಸ್ಟ್ರೇ. ಗಡ್ಡ ಎರಡು ದಿನದ್ದು."

ಮಾಸ್ಟರ್ ಕೂತರು. ಹೊಸ ಕನ್ನಡಿಯಲ್ಲಿ ತಮ್ಮ ಮುಖ ಬಿಟ್ಟು ಶಿಷ್ಯನ ಕೈಯನ್ನೇ ನೋಡುತ್ತ ಕೂತರು.

ಕೆಲವು ವಾರಗಳ ಮೇಲೆ ಒಂದು ಮುಂಜಾನೆ ಪುಟ್ಟಿ ಮೆಟ್ಟಿಲಿಳಿಯುವಾಗ ಮಳಿಗೆ ಇನ್ನೂ ತೆರೆದಿರಲಿಲ್ಲ. ಗಾಜಿನೊಳಗೆ ಕುರ್ಚಿ ಬಾಗಿಲ ಕಡೆ ನೋಡುತ್ತಿತ್ತು. ಬಾಗಿಲಿಗೆ ಅದೇ ಹಿತ್ತಾಳೆ ಬೀಗ. ಅವಳಿಗೆ ಕಸಿವಿಸಿಯಾಯಿತು. ಕ್ಷೌರಿಕ ಬರುವವರೆಗೂ ನಿಂತಿದ್ದು ಕೇಳಿಯೇಬಿಟ್ಟಳು.

"ಇನ್ನೂ ಬೀಗ ಬದಲಾಯಿಸಿಲ್ವಲ್ರೀ! ಆ ಇನ್ನೊಂದು ಕೀಲಿಕೈ ಅವರ ಹತ್ರಾನೇ ಇದೆಯಲ್ವಾ?"

"ಇದೆ ಅಕ್ಕಾ," ಎಂದು ಅವನು ಬೀಗ ತೆಗೆದ. "ಇರ್ಲಿ ಬಿಡಿ."